ಚಿಕ್ಕ ಹೆಸರು, ಒಂದೇ ಅರ್ಥ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಕಂಪ್ಯೂಟರಿನ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾಡಹಬ್ಬದ ದಿನ ಯಂತ್ರದ ಮಾತೇಕೆಂದು ತಾವು ಕೇಳಬಹುದು. ನಾನು ಹೇಳಹೊರಟಿರುವುದು ಹೆಸರಿಡುವ ವಿಚಾರ; ಅದು ಯಂತ್ರಕ್ಕಿಂತ ಮನುಷ್ಯರಿಗೆ ಸೇರಿದ್ದು.

ಪಾರ್ಲೆಯಿಂದ ದಾದರಿಗೆ ಹೋಗಿ ಗಾಡಿ ಬದಲಿಸುವವರಿಗೆಲ್ಲ ಇದು ಗೊತ್ತು. ಅಲ್ಲಿ ಪಶ್ಚಿಮ ರೈಲ್ವೆಗೊಂದು, ಮಧ್ಯ ರೈಲ್ವೆಗೊಂದು ‘1ನೇ ಪ್ಲಾಟ್‌ಫಾರ್ಮ್’ ಇದ್ದವು. “ಒಂದರಲ್ಲಿ ನಿಂತಿರು” ಎಂದರೆ ಯಾವ ಒಂದು? 2023ರ ಡಿಸೆಂಬರ್ 9ರಿಂದ ಪಶ್ಚಿಮದವು 1ರಿಂದ 7 ಆಗಿಯೇ ಉಳಿದು, ಮಧ್ಯದವು 8ರಿಂದ 14 ಆದವು. ಅಂಕೆ ಅಷ್ಟೇನೂ ಉದ್ದವಾಗಲಿಲ್ಲ, ಗೊಂದಲ ಮಾತ್ರ ಹೋಯಿತು.

ನಮ್ಮ ಸಾಹಿತ್ಯಲೋಕ ಇದನ್ನು ಎಂದೋ ಸಾಧಿಸಿತ್ತು. ಬರಿಯ ‘ಶ್ರೀಕಂಠಯ್ಯ’ ಎಂದರೆ ಯಾರೆಂದು ಮತ್ತೆ ಕೇಳಬೇಕು. ಬಿ.ಎಂ.ಶ್ರೀ., ತೀ.ನಂ.ಶ್ರೀ. ಎಂದೊಡನೆ ಸಂದೇಹವಿಲ್ಲ.

ಇನ್ನು ಕಂಪ್ಯೂಟರಿಗೆ ಬರೋಣ. ಆಜ್ಞೆಯನ್ನು ಬೆರಳಚ್ಚಿಸಿ ಅದರಿಂದ ಕೆಲಸ ಮಾಡಿಸುವ ಕ್ರಮವೊಂದುಂಟು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಆರಂಭವಾದ ಯುನಿಕ್ಸ್ ಈ ಕ್ರಮವನ್ನು ಬೆಳೆಸಿತು. ಅಂದಿನ ಟೆಲಿಟೈಪ್ ಯಂತ್ರಗಳು ನಿಧಾನ. ಆದುದರಿಂದ ಆಜ್ಞೆಗಳೂ ಗಿಡ್ಡ. ಆಜ್ಞೆಯ ಮುಂದೆ ಒಂದು ಅಡ್ಡಗೆರೆ, ಒಂದು ಇಂಗ್ಲಿಷ್ ಅಕ್ಷರ ಸೇರಿಸಿದರೆ ಕೆಲಸದ ರೀತಿ ಬದಲಾಗುತ್ತದೆ. ಇದಕ್ಕೆ ‘ಆಯ್ಕೆ’ ಎನ್ನೋಣ.

ತೊಂದರೆ ಇರುವುದು ಇಲ್ಲಿಯೇ. ‘ಐ’ ಅಕ್ಷರವನ್ನೇ ನೋಡಿ. ಹುಡುಕುವ ‘ಗ್ರೆಪ್’ ಆಜ್ಞೆಗೆ ಅದು “ದೊಡ್ಡಕ್ಷರ, ಚಿಕ್ಕಕ್ಷರ ಎಂದು ಭೇದವೆಣಿಸಬೇಡ” ಎನ್ನುತ್ತದೆ. ಅಳಿಸುವ ‘ಆರ್‌ಎಂ’ ಆಜ್ಞೆಗೆ “ಅಳಿಸುವ ಮುನ್ನ ನನ್ನನ್ನು ಕೇಳು” ಎನ್ನುತ್ತದೆ. ತಿದ್ದುವ ‘ಸೆಡ್’ ಆಜ್ಞೆಗಾದರೋ “ಮೂಲ ಕಡತವನ್ನೇ ತಿದ್ದಿಬಿಡು” ಎನ್ನುತ್ತದೆ. ‘ಐ’ ಹಾಕಿದರೆ ಕೇಳಿಯೇ ಮಾಡುತ್ತದೆಂದು ನಂಬಿದವನ ಲೆಕ್ಕದ ಕಡತ ಕೇಳದೆಯೇ ಬದಲಾಗುತ್ತದೆ. ಪ್ರತಿ ತೆಗೆದಿಡಲು ಹೇಳಿರದಿದ್ದರೆ ಹಳೆಯದು ಸಿಕ್ಕುವುದಿಲ್ಲ.

ಇನ್ನೊಂದು ತೊಡಕು. ದೂರದ ಯಂತ್ರವನ್ನು ಸೇರುವ ‘ಎಸ್‌ಎಸ್‌ಎಚ್’ನಲ್ಲಿ ಪೋರ್ಟ್ ಸಂಖ್ಯೆಗೆ ಚಿಕ್ಕ ‘ಪಿ’. ಅಲ್ಲಿಗೆ ಕಡತ ಕಳಿಸುವ ‘ಎಸ್‌ಸಿಪಿ’ಯಲ್ಲಿ ದೊಡ್ಡ ‘ಪಿ’. ಕನ್ನಡ ಲಿಪಿಯಲ್ಲಿ ಈ ಭೇದವೇ ಇಲ್ಲ. ಟೆಲಿಫೋನಿನಲ್ಲಿ “ಪಿ ಹಾಕಿ” ಎಂದರೆ ಕಿವಿಗೆ ಎರಡೂ ಒಂದೇ.

ನಮ್ಮ ತರುಣರು ಅನೇಕರು ಇಂಥ ಉಪಕರಣಗಳನ್ನು ಬರೆಯುತ್ತಾರೆ. ಅವರಲ್ಲಿ ನನ್ನ ಬಿನ್ನಹ ಇಷ್ಟು: ದಿನವೂ ಬೇಕಾಗುವ ಕೆಲಸಕ್ಕೆ ಮಾತ್ರ ಒಂಟಿ ಅಕ್ಷರ ಕೊಡಿ. ರೂಢಿಯಲ್ಲಿ ಒಂದು ಅರ್ಥ ನಿಂತಿರುವ ಅಕ್ಷರಕ್ಕೆ ಬೇರೊಂದು ಅರ್ಥ ಹೊರಿಸಬೇಡಿ. ಅಳಿಸುವ, ಕೆಡಿಸುವ ಕೆಲಸಗಳಿಗೆ ಎರಡು ಅಡ್ಡಗೆರೆ ಹಾಕಿ ಪೂರ್ಣ ಪದವನ್ನೇ ಇಡಿ. ಬರೆಯುವಾಗ ಕೈ ಒಂದು ಕ್ಷಣ ತಡೆಯಲಿ, ಮನಸ್ಸು ಯೋಚಿಸಲಿ. ಸಂದೇಹವಿದ್ದರೆ ಅಕ್ಷರವನ್ನು ಕೊಡಲೇಬೇಡಿ. ನಾಳೆ ಕೊಡುವುದು ಸುಲಭ. ಕೊಟ್ಟದ್ದನ್ನು ಹಿಂದಕ್ಕೆ ಪಡೆದರೆ ಅದನ್ನು ನಂಬಿ ಇತರರು ಬರೆದಿಟ್ಟ ಕೆಲಸಗಳೆಲ್ಲ ನಿಂತುಹೋಗುತ್ತವೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ.

ಹೆಸರಿಡುವವನು ಒಬ್ಬ; ಅದನ್ನು ನಂಬಿ ನಡೆಯುವವರು ಸಾವಿರ. ಅವರ ಹಾದಿ ತಪ್ಪದಂತೆ ನೋಡಿಕೊಳ್ಳುವುದು ಹೆಸರಿಟ್ಟವನ ಹೊಣೆ.