ಅಂಕ ಕೇಳುವ ಮುನ್ನ ಕಲಿತದ್ದನ್ನು ಕೇಳಿರಿ

(ಸೂಲಿಬೆಲೆಯಲ್ಲಿ ಜರಗಿದ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇತ್ತೀಚೆಗೆ ಬಂಧುವೊಬ್ಬರ ಮನೆಗೆ ಹೋಗಿದ್ದೆ. ಅವರು ಐದನೆಯ ತರಗತಿಯಲ್ಲಿರುವ ಮಗಳ ಪ್ರಗತಿಪತ್ರವನ್ನು ಹೆಮ್ಮೆಯಿಂದ ತೋರಿಸಿದರು. ಗಣಿತದಲ್ಲಿ 'ಎ' ಶ್ರೇಣಿ. ನಾನು ಮಗುವನ್ನು ಬಳಿ ಕೂರಿಸಿಕೊಂಡು 402ರಿಂದ 178ನ್ನು ಕಳೆಯಲು ಹೇಳಿದೆ. ಅವಳು 376 ಎಂದು ಬರೆದಳು. ಸರಿಯುತ್ತರ 224.

ಇದು ಗಮನವಿಲ್ಲದೆ ಆದ ತಪ್ಪಲ್ಲ. ಪ್ರತಿ ಸ್ಥಾನದಲ್ಲಿಯೂ ಅವಳು ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆದಿದ್ದಳು. ಮೇಲಿನ ಅಂಕಿ ಚಿಕ್ಕದಾದಾಗ ಪಕ್ಕದ ಸ್ಥಾನದಿಂದ ಪಡೆಯಬೇಕೆಂಬುದು ಅವಳಿಗೆ ತಿಳಿದಿರಲಿಲ್ಲ. 'ಎ' ಶ್ರೇಣಿ ಮುಚ್ಚಿಟ್ಟದ್ದನ್ನು ಆ ಒಂದು ತಪ್ಪು ಉತ್ತರ ಬಯಲು ಮಾಡಿತು. ಮೂರನೆಯ ತರಗತಿಯಲ್ಲಿಯೇ ಯಾರಾದರೂ ಈ ತಪ್ಪನ್ನು ಓದಿದ್ದರೆ ಅರ್ಧ ಗಂಟೆಯಲ್ಲಿ ತಿದ್ದಬಹುದಿತ್ತು.

ರೇಷ್ಮೆ ಬೆಳೆಯನ್ನು ಬಲ್ಲ ಸೀಮೆ ನಮ್ಮದು. ಹುಳು ಸಾಕುವವರು ಗೂಡಿನ ಮಾರುಕಟ್ಟೆಯಲ್ಲಿ ಹರಾಜಾಗುವವರೆಗೆ ಕಾದು ಕುಳಿತು, ಆಮೇಲೆ ಹುಳುವಿನ ಆರೋಗ್ಯ ವಿಚಾರಿಸುತ್ತಾರೆಯೇ? ಇಲ್ಲ. ನಾಲ್ಕು ಜ್ವರಗಳಲ್ಲಿ ಪ್ರತಿಯೊಂದನ್ನೂ ಗಮನಿಸುತ್ತಾರೆ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕುವುದಿಲ್ಲ, ಎದ್ದ ಮೇಲೆ ಹಾಕುತ್ತಾರೆ. ಮಾರುಕಟ್ಟೆಯಲ್ಲಿ ಗೊತ್ತಾಗುವುದು ಬೆಲೆ ಮಾತ್ರ. ಬೆಳೆ ಉಳಿಯುವುದು ಮನೆಯಲ್ಲಿ ದಿನವೂ ನೋಡಿದ ನೋಟದಿಂದ.

ಶಾಲೆಯಲ್ಲಿಯೂ ಈ ಎರಡು ಬಗೆಗಳಿವೆ. ಕಲಿಯುತ್ತಿರುವಾಗಲೇ ಮಗುವಿಗೆ ಏನು ತಿಳಿದಿದೆ, ಏನು ತಿಳಿದಿಲ್ಲ ಎಂದು ನೋಡುವುದು ರೂಪಣಾತ್ಮಕ ಮೌಲ್ಯಮಾಪನ. ಕಲಿಕೆ ಮುಗಿದ ಮೇಲೆ ಅಳೆಯುವುದು ಸಂಕಲನಾತ್ಮಕ ಮೌಲ್ಯಮಾಪನ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ಮಗುವಿನ ತಿಳಿವಳಿಕೆಯನ್ನೂ ಅದನ್ನು ಬಳಸುವ ಸಾಮರ್ಥ್ಯವನ್ನೂ ನಿರಂತರವಾಗಿ ಮತ್ತು ವ್ಯಾಪಕವಾಗಿ ಮೌಲ್ಯಮಾಪನ ಮಾಡಬೇಕೆಂದು ಹೇಳುತ್ತದೆ. ನಮ್ಮ ರಾಜ್ಯದ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳ ಪದ್ಧತಿ ಬಂದದ್ದು ಈ ಆಶಯದಿಂದಲೇ.

ಆದರೆ ಆಚರಣೆಯಲ್ಲಿ ಅದು ಏನಾಯಿತು? ಅನೇಕ ಕಡೆ ನಾಲ್ಕು ಸಣ್ಣ ಪರೀಕ್ಷೆಗಳಾಯಿತು. ಯೋಜನಾ ಕಾರ್ಯವನ್ನು ಅಕ್ಕನೋ ಅಣ್ಣನೋ ಬರೆದುಕೊಡುತ್ತಾರೆ, ಚಿತ್ರಪಟ ಅಂಗಡಿಯಿಂದ ಬರುತ್ತದೆ, ಅಂಕ ವಹಿಗೆ ಏರುತ್ತದೆ. ದಾಖಲೆ ತುಂಬುವುದರಲ್ಲಿಯೇ ಅಧ್ಯಾಪಕರ ವೇಳೆ ಕಳೆಯುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಯ ಹೊರತು ಉಳಿದ ವಿಷಯಗಳ ನೂರು ಅಂಕಗಳಲ್ಲಿ 20 ಆಂತರಿಕ ಅಂಕಗಳು. ಅವು ಧಾರಾಳವಾಗಿ ಸಿಕ್ಕರೆ ನಾವು ಸಂತೋಷಪಡುತ್ತೇವೆ. ಸುಲಭವಾಗಿ ಸಿಕ್ಕ ಅಂಕ ಮಗುವಿಗೆ ಮಾಡುವ ಉಪಕಾರವೇನು ಎಂದು ಯೋಚಿಸಿದ್ದೇವೆಯೇ?

ಇದಕ್ಕೆ ಮದ್ದೆಂದು ಸರಕಾರ ಕಂಡುಕೊಂಡದ್ದು ಇನ್ನಷ್ಟು ಪರೀಕ್ಷೆಗಳನ್ನು. 5, 8 ಮತ್ತು 9ನೆಯ ತರಗತಿಗಳ ಮಂಡಳಿ ಪರೀಕ್ಷೆಯ ವಿವಾದ ನ್ಯಾಯಾಲಯದ ಮೆಟ್ಟಿಲೇರಿ, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಫಲಿತಾಂಶಕ್ಕೆ ತಡೆ ನೀಡಿತು. ಅದೇ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರಗಳಲ್ಲಿ ಕ್ಯಾಮರಾ ಕಣ್ಗಾವಲು ಬಿಗಿಯಾಯಿತು. 2023ರಲ್ಲಿ ಶೇ. 83.89 ಇದ್ದ ತೇರ್ಗಡೆ ಪ್ರಮಾಣ 2024ರಲ್ಲಿ ಶೇ. 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ! ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರೇ? ಇಲ್ಲ. ವರ್ಷಗಳಿಂದ ಕಾಣದಿದ್ದ ಕೊರತೆ ಕಣ್ಣಿಗೆ ಬಿತ್ತು. ಹಾಗೆ ಅನುತ್ತೀರ್ಣನಾದ ಹುಡುಗ ಗ್ಯಾರೇಜು ಸೇರುತ್ತಾನೆ, ಹುಡುಗಿಗೆ ವರಾನ್ವೇಷಣೆ ಆರಂಭವಾಗುತ್ತದೆ. ನಮ್ಮ ಸಮುದಾಯಕ್ಕೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ನಾನು ಮದ್ರಸದಲ್ಲಿ ಕಲಿತವನು. ಅಲ್ಲಿ ಉಸ್ತಾದರು ನಿನ್ನೆಯ ಸಬಕನ್ನು ಕೇಳದೆ ಇಂದಿನ ಸಬಕು ಕೊಡುತ್ತಿರಲಿಲ್ಲ. ಒಬ್ಬ ಅರ್ಧ ಪುಟ ಸಾಗಿದರೆ ಇನ್ನೊಬ್ಬ ಮೂರೇ ಸಾಲು ಸಾಗುತ್ತಿದ್ದ. ಎಲ್ಲಿ ತಡವರಿಸಿದೆವೋ ಅಲ್ಲಿ ಅವರ ಬೆರಳು ನಿಲ್ಲುತ್ತಿತ್ತು. ಅಲ್ಲಿ ಬೆತ್ತದ ಭಯವೂ ಇತ್ತು, ಅರ್ಥ ತಿಳಿಯದ ಕಂಠಪಾಠವೂ ಇತ್ತು, ಅವು ಅನುಕರಣೀಯವಲ್ಲ. ಆದರೆ ಪ್ರತಿ ಮಗುವನ್ನೂ ಪ್ರತ್ಯೇಕವಾಗಿ, ಪ್ರತಿದಿನ ಕೇಳುವ ಆ ಕ್ರಮ ಅಮೂಲ್ಯವಾದುದು. 1995ರಲ್ಲಿ ಹೆಗ್ಗಡದೇವನ ಕೋಟೆಯಲ್ಲಿ ಆರಂಭವಾದ 'ನಲಿ ಕಲಿ'ಯೂ ಮಗು ತನ್ನದೇ ವೇಗದಲ್ಲಿ ಕಲಿಕೆಯ ಮೆಟ್ಟಿಲು ಹತ್ತಲಿ ಎಂದೇ ಹೇಳಿತು, ಅದೂ ಭಯವಿಲ್ಲದೆ.

ಇನ್ನೊಂದು ಮಾತು ಉರ್ದು ಮನೆಮಾತಿನ ಮಕ್ಕಳದು. 'ವ್ಯತ್ಯಾಸ ಕಂಡುಹಿಡಿ' ಎಂದರೆ ಸುಮ್ಮನೆ ಕೂರುವ ಮಗು, ಮನೆಮಾತಿನಲ್ಲಿ 'ಎಷ್ಟು ಉಳಿಯಿತು' ಎಂದು ಕೇಳಿದರೆ ಹೇಳಿಬಿಡಬಹುದು. ಆಗ ಕೊರತೆ ಇರುವುದು ಗಣಿತದಲ್ಲಲ್ಲ, ಪ್ರಶ್ನೆಯ ಕನ್ನಡದಲ್ಲಿ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಮಗು ಕನ್ನಡ ಕಲಿಯಲೇಬೇಕು. ಆದರೆ ಭಾಷೆಯ ತೊಡಕನ್ನು ಬುದ್ಧಿಯ ತೊಡಕೆಂದು ಎಣಿಸಬಾರದು. ಅಧ್ಯಾಪಕರು ಒಮ್ಮೆ ಬಾಯಿಮಾತಿನಲ್ಲಿ ಕೇಳಿ ನೋಡಿದರೆ ಈ ಅಂತರ ತಿಳಿದೀತು.

ಹಾಗಾದರೆ ನಾವೇನು ಮಾಡಬೇಕು? 'ಸಮುದಾಯದತ್ತ ಶಾಲೆ' ಕಾರ್ಯಕ್ರಮಕ್ಕೆ ಕರೆ ಬಂದಾಗ ಸಹಿ ಹಾಕಿ ಮರಳಬೇಡಿರಿ, ಉತ್ತರ ಪತ್ರಿಕೆಗಳನ್ನು ಬಿಡಿಸಿ ನೋಡಿರಿ. 'ನನ್ನ ಮಗುವಿಗೆ ಇನ್ನೂ ಬಾರದಿರುವುದು ಯಾವುದು? ಅದಕ್ಕೆ ಶಾಲೆ ಏನು ಮಾಡುತ್ತದೆ, ಮನೆಯಲ್ಲಿ ನಾವೇನು ಮಾಡಬೇಕು?' ಎಂದು ವಿನಯದಿಂದ ಕೇಳಿರಿ. ಸರಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಹೆತ್ತವರೇ ಇರಬೇಕು. ಅಲ್ಲಿ ಕಟ್ಟಡ, ಕಾಂಪೌಂಡಿನ ಜೊತೆ ಕಲಿಕೆಯ ಚರ್ಚೆಯೂ ನಡೆಯಲಿ. ಓದು ಬಾರದ ತಾಯಂದಿರು ಸಂಕೋಚಪಡಬೇಕಾಗಿಲ್ಲ. 'ಇಂದು ಕಲಿತದ್ದನ್ನು ನನಗೆ ಹೇಳಿಕೊಡು' ಎಂದು ಮಗುವಿನ ಮುಂದೆ ಕುಳಿತರೆ ಸಾಕು. ಕಲಿತ ಮಗು ಹೇಳಿಕೊಡುತ್ತದೆ, ಬಾಯಿಪಾಠ ಮಾಡಿದ ಮಗು ತಡವರಿಸುತ್ತದೆ.

ತಡವರಿಸಿದಾಗ ಮಾತ್ರ ಗದರಬೇಡಿರಿ. ಗದರಿದ ಮನೆಯಲ್ಲಿ ಮಗು ತಪ್ಪನ್ನು ಬಚ್ಚಿಡಲು ಕಲಿಯುತ್ತದೆ. ಬಚ್ಚಿಟ್ಟ ತಪ್ಪನ್ನು ಯಾವ ಅಧ್ಯಾಪಕರೂ ತಿದ್ದಲಾರರು. ಅಂದ ಹಾಗೆ, ಆ ಮಗುವಿಗೆ ನೂರರ, ಹತ್ತರ ನೋಟುಗಳನ್ನೂ ರೂಪಾಯಿಯ ನಾಣ್ಯಗಳನ್ನೂ ಕೊಟ್ಟು, ನೂರರ ನೋಟೊಂದನ್ನು ಚಿಲ್ಲರೆ ಮಾಡಿಸಿ ಕಳೆಯುವುದನ್ನು ತೋರಿಸಿದೆ. ಅಂದು ಸಂಜೆಯೇ ಅವಳು 224 ಎಂದು ಬರೆದಳು. ಪ್ರಗತಿಪತ್ರದಲ್ಲಿ ಶ್ರೇಣಿ ಬದಲಾಗಲಿಲ್ಲ. ಬದಲಾದದ್ದು ಅವಳ ಕಲಿಕೆ.