ಸುಧೆಗೆ ಮುನ್ನವೂ ಟೀಕೆಯಿತ್ತು

(ಶ್ರೀಮಠದ ವಾರ್ಷಿಕೋತ್ಸವದ ಉಪನ್ಯಾಸದ ಬರಹರೂಪ)



ಹೈದರಾಬಾದಿನಲ್ಲಿ ಎರಡು ಮೂರು ತಲೆಮಾರುಗಳಿಂದ ನೆಲೆಸಿರುವ ಕನ್ನಡ ಮಾಧ್ವ ಕುಟುಂಬಗಳಲ್ಲಿ ಒಂದು ದೃಶ್ಯ ಅಪರೂಪವಲ್ಲ. ಕಾಲೇಜಿನಲ್ಲಿ ಓದುವ ಮಗಳಿಗೋ ಸಾಫ್ಟ್‌ವೇರ್ ಉದ್ಯೋಗದ ಮಗನಿಗೋ ಸುಮಧ್ವವಿಜಯದ ಕಥೆಯನ್ನು ಮಕ್ಕಳಿಗೆ ತಿಳಿಯುವಂತೆ ಬರೆಯಬೇಕೆಂಬ ಆಸೆ ಹುಟ್ಟುತ್ತದೆ. ಹತ್ತು ಪುಟಗಳಾಗುತ್ತವೆ. ಅಷ್ಟರಲ್ಲಿ ಹಿರಿಯರೊಬ್ಬರು, "ದೊಡ್ಡ ದೊಡ್ಡ ವಿದ್ವಾಂಸರು ಇದನ್ನು ಎಂದೋ ಬರೆದು ಮುಗಿಸಿದ್ದಾರಲ್ಲ, ನೀನು ಹೊಸದಾಗಿ ಬರೆಯುವುದೇನು?" ಎನ್ನುತ್ತಾರೆ. ಅವರು ಹೇಳದಿದ್ದರೆ ಕೈಯಲ್ಲಿರುವ ಮೊಬೈಲೇ ಹೇಳುತ್ತದೆ. ನೋಟುಬುಕ್ಕು ಅಟ್ಟ ಸೇರುತ್ತದೆ. ಹಿರಿಯರ ಮಾತಿನಲ್ಲಿ ದುರುದ್ದೇಶವಿಲ್ಲ. ಪೂರ್ವಸೂರಿಗಳ ಮೇಲಿನ ಗೌರವವೇ ಅಲ್ಲಿ ಮಾತನಾಡುವುದು. ಆದರೆ ಆ ಪೂರ್ವಸೂರಿಗಳು ತಮಗಿಂತ ಹಿಂದಿನವರ ಗ್ರಂಥಗಳ ಮುಂದೆ ಹೇಗೆ ನಡೆದುಕೊಂಡರು ಎಂಬುದು ವಿಚಾರಾರ್ಹವಾಗಿದೆ.

ಬ್ರಹ್ಮಸೂತ್ರಗಳಿಗೆ ಶ್ರೀಮದಾಚಾರ್ಯರಿಗಿಂತ ಮೊದಲೇ ಇಪ್ಪತ್ತೊಂದು ಭಾಷ್ಯಗಳಿದ್ದುವೆಂದು ಸಂಪ್ರದಾಯವು ಎಣಿಸುತ್ತದೆ. ಇಪ್ಪತ್ತೊಂದು ಇದ್ದವೆಂದು ಆಚಾರ್ಯರು ಲೇಖನಿಯನ್ನು ಕೆಳಗಿಡಲಿಲ್ಲ. ಅಷ್ಟೇ ಅಲ್ಲ, ತಾವೇ ಭಾಷ್ಯವನ್ನು ರಚಿಸಿದ ಮೇಲೂ ಅದೇ ಸೂತ್ರಗಳ ಮೇಲೆ ಅಣುಭಾಷ್ಯ, ಅನುವ್ಯಾಖ್ಯಾನ, ನ್ಯಾಯವಿವರಣಗಳೆಂಬ ಇನ್ನೂ ಮೂರು ಗ್ರಂಥಗಳನ್ನು ಅನುಗ್ರಹಿಸಿದರು. ಅನುವ್ಯಾಖ್ಯಾನವು ಹುಟ್ಟಿದ ಸಂದರ್ಭವನ್ನು ನಾರಾಯಣ ಪಂಡಿತಾಚಾರ್ಯರು ಸುಮಧ್ವವಿಜಯದ ಹದಿನೈದನೆಯ ಸರ್ಗದಲ್ಲಿ ವರ್ಣಿಸಿದ್ದಾರೆ. ಇನ್ನೊಂದು ಗ್ರಂಥ ಬೇಕೆಂದು ಪ್ರಾರ್ಥಿಸಿದವರು ತ್ರಿವಿಕ್ರಮ ಪಂಡಿತಾಚಾರ್ಯರು. ಅವರೇ ಭಾಷ್ಯಕ್ಕೆ ತತ್ತ್ವಪ್ರದೀಪವೆಂಬ ಟೀಕೆಯನ್ನು ಬರೆದ ಮಹಾವಿದ್ವಾಂಸರು. ಇರುವ ಗ್ರಂಥಗಳ ಆಳವು ಎಲ್ಲರಿಗೂ ನಿಲುಕದು, ಯುಕ್ತಿಗಳು ಸ್ಫುಟವಾಗಿ ತಿಳಿಯುವ ಗ್ರಂಥವೊಂದು ಬೇಕು ಎಂಬುದು ಅವರ ಬಿನ್ನಹದ ತಾತ್ಪರ್ಯ. ಆಚಾರ್ಯರು ನಾಲ್ವರು ಶಿಷ್ಯರಿಗೆ ನಾಲ್ಕು ಅಧ್ಯಾಯಗಳನ್ನು ಏಕಕಾಲಕ್ಕೆ ಹೇಳಿ ಬರೆಯಿಸಿದರೆಂದು ಪ್ರಸಿದ್ಧಿ. "ಭಾಷ್ಯವಿದೆಯಲ್ಲ" ಎಂದು ಹೇಳಿಬಿಡುವುದು ಅಲ್ಲಿಯೂ ಸುಲಭವಾಗಿತ್ತು.

ಈ ಅನುವ್ಯಾಖ್ಯಾನಕ್ಕೆ ಟೀಕೆ ಬರೆಯುವ ಕಾರ್ಯವನ್ನು ಆಚಾರ್ಯರ ಸಾಕ್ಷಾತ್ ಶಿಷ್ಯರಾದ ಶ್ರೀಪದ್ಮನಾಭತೀರ್ಥರೇ ಮಾಡಿದ್ದರು. ಅದರ ಹೆಸರು ಸನ್ನ್ಯಾಯರತ್ನಾವಲೀ. ಆಚಾರ್ಯರ ಮುಖದಿಂದಲೇ ಶಾಸ್ತ್ರವನ್ನು ಕೇಳಿದವರ ಟೀಕೆ. ಅದಕ್ಕಿಂತ ಪ್ರಾಮಾಣಿಕವಾದುದು ಯಾವುದು? ಹೀಗಿದ್ದರೂ 14ನೇ ಶತಮಾನದಲ್ಲಿ ಶ್ರೀಅಕ್ಷೋಭ್ಯತೀರ್ಥರ ಶಿಷ್ಯರಾದ ಶ್ರೀಜಯತೀರ್ಥರು ಅದೇ ಅನುವ್ಯಾಖ್ಯಾನವನ್ನು ಕೈಗೆತ್ತಿಕೊಂಡರು. ಶ್ರೀಮನ್ನ್ಯಾಯಸುಧಾ ಹುಟ್ಟಿತು. ಓದಿದರೆ ಸುಧೆಯನ್ನು ಓದಬೇಕು, ಇಲ್ಲವಾದರೆ ಭೂಮಿಯನ್ನು ಆಳಬೇಕು ಎಂದು ಪಂಡಿತರು ಹೇಳುವಷ್ಟರ ಮಟ್ಟಿಗೆ ಅದು ಬೆಳೆಯಿತು.

ಟೀಕಾಚಾರ್ಯರು ಹಿಂದಿನ ಟೀಕೆಯನ್ನು ಮರೆಮಾಚಲಿಲ್ಲ ಎಂಬುದೇ ಇಲ್ಲಿ ಮುಖ್ಯ. ಗ್ರಂಥಾರಂಭದ ಮಂಗಳಪದ್ಯಗಳಲ್ಲಿಯೇ ಪದ್ಮನಾಭತೀರ್ಥರನ್ನು ಅಮೃತಸಮುದ್ರವೆಂದು ಕರೆದು, ಸನ್ನ್ಯಾಯರತ್ನಾವಲಿಯು ಹುಟ್ಟಿದ ಸ್ಥಾನವೆಂದು ಗ್ರಂಥದ ಹೆಸರು ಹಿಡಿದೇ ಸ್ತುತಿಸಿದ್ದಾರೆ. ಸಮುದ್ರದಲ್ಲಿ ರತ್ನವೂ ಹುಟ್ಟುತ್ತದೆ, ಸುಧೆಯೂ ಹುಟ್ಟುತ್ತದೆ. ವ್ಯಾಕರಣಾದಿ ಶಾಸ್ತ್ರಗಳಲ್ಲಿ ತಮಗೆ ಹೇಳಿಕೊಳ್ಳುವಂಥ ಪರಿಶ್ರಮವಿಲ್ಲ, ಗುರುಕೃಪೆಯೊಂದೇ ಬಲ ಎಂದೂ ಅಲ್ಲಿಯೇ ವಿನಯದಿಂದ ಹೇಳಿಕೊಂಡಿದ್ದಾರೆ. ಹಾಗೆ ಹೇಳಿದವರ ಗ್ರಂಥದಲ್ಲಿ ನ್ಯಾಯ, ವೈಶೇಷಿಕ, ಮೀಮಾಂಸಾ, ಬೌದ್ಧ, ಜೈನ, ಅದ್ವೈತ ಮತಗಳ ವಿಮರ್ಶೆ ಎಷ್ಟು ವಿಸ್ತಾರವಾಗಿದೆಯೆಂದರೆ, ಮೊದಲನೆಯ ಜಿಜ್ಞಾಸಾಧಿಕರಣವೊಂದನ್ನೇ ಪಾಠ ಹೇಳಿ ಮುಗಿಸಲು ಬಹುಕಾಲ ಬೇಕು. ಮೂಲವು ಅದೇ, ಎದುರಿಗೆ ನಿಂತ ಪ್ರಶ್ನೆಗಳು ಬೇರೆ. ರೈಲ್ವೆ ಸೇತುವೆಗಳಿಗೆ ಸಿದ್ಧ ನಕ್ಷೆಗಳಿರುತ್ತವೆ. ಆದರೂ ಹೊಸ ಹೊಳೆಯ ದಡಕ್ಕೆ ಬಂದಾಗ ತಳದ ಮಣ್ಣನ್ನು ಕೊರೆದು ಪರೀಕ್ಷಿಸದೆ ಯಾವ ಎಂಜಿನಿಯರನೂ ಕಂಬದ ಆಳವನ್ನು ಗೊತ್ತುಮಾಡುವುದಿಲ್ಲ.

ಸುಧೆಯ ರಚನೆಗೆ ಯಾದಗಿರಿಯ ಬಳಿಯ ಯರಗೋಳದ ಗುಹೆಯು ಸ್ಥಾನವೆಂದು ಸಂಪ್ರದಾಯ ನಂಬಿದೆ. ಅಕ್ಷೋಭ್ಯತೀರ್ಥರ ವೃಂದಾವನವಿರುವುದು ಕಾಗಿಣಾ ತೀರದ ಮಳಖೇಡದಲ್ಲಿ. ಎರಡೂ 1956ರವರೆಗೆ ಹೈದರಾಬಾದ್ ರಾಜ್ಯದ ಊರುಗಳೇ. 1874ರಲ್ಲಿ ತೆರೆದ ವಾಡಿ–ಸಿಕಂದರಾಬಾದ್ ಮಾರ್ಗದಲ್ಲಿ ತಾಂಡೂರು, ಸೇಡಂ ದಾಟಿದರೆ ಮಳಖೇಡ ರೋಡ್ ನಿಲ್ದಾಣ ಬರುತ್ತದೆ.

ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ಕವಿರಾಜಮಾರ್ಗವೂ ಇದೇ ಮಾತಿಗೆ ಸಾಕ್ಷಿ. ದಂಡಿಯ ಕಾವ್ಯಾದರ್ಶಕ್ಕೆ ಅದು ಬಹಳ ಋಣಿ. ದಂಡಿ ಹೇಳಿದ್ದಾಗಿದೆಯೆಂದು ಸುಮ್ಮನಿದ್ದಿದ್ದರೆ ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ವರ್ಣನೆ, ಚತ್ತಾಣ ಬೆದಂಡೆಗಳ ವಿಚಾರ, ಹಿಂದಿನ ಕನ್ನಡ ಕವಿಗಳ ಹೆಸರುಗಳು ಯಾವುವೂ ಉಳಿಯುತ್ತಿರಲಿಲ್ಲ. ಅದೇ ನೃಪತುಂಗನನ್ನು ಸ್ತುತಿಸಿ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ಬರೆದನು. ಆರ್ಯಭಟ, ಬ್ರಹ್ಮಗುಪ್ತರು ಆಗಲೇ ಇದ್ದರು. ಇವನು ಗಣಿತವನ್ನು ಜ್ಯೋತಿಷದಿಂದ ಬಿಡಿಸಿ ಪ್ರತ್ಯೇಕವಾಗಿ ನಿಲ್ಲಿಸಿದನು. ಮುಂದೆ ಅದನ್ನು ಪಾವುಲೂರಿ ಮಲ್ಲನನು ತೆಲುಗಿಗೆ ತಂದನು.

ಹಾಗೆಂದು ಬರೆದುದೆಲ್ಲವೂ ಬೇಕಾದುದೇ ಎಂದಲ್ಲ. ನಾಲ್ಕು ಪುಸ್ತಕಗಳಿಂದ ಪುಟಗಳನ್ನೆತ್ತಿ ಐದನೆಯದನ್ನು ಅಚ್ಚು ಹಾಕಿಸುವವರು ಇಂದು ಕಡಿಮೆಯಿಲ್ಲ. ಅವರು ಹಿಂದಿನವರನ್ನು ಓದುವುದು ಎತ್ತಿಕೊಳ್ಳುವುದಕ್ಕಾಗಿ. ಟೀಕಾಚಾರ್ಯರು ಓದಿದ್ದು ಇನ್ನೇನು ಉಳಿದಿದೆ ಎಂದು ಕಾಣುವುದಕ್ಕಾಗಿ. ಸುಧೆಯ ನಂತರವೂ ಕೆಲಸ ಮುಗಿಯಲಿಲ್ಲ. ಶ್ರೀವಾದಿರಾಜರು ಅದಕ್ಕೆ ಗುರ್ವರ್ಥದೀಪಿಕೆಯನ್ನು ಬರೆದರು. ಅದಿದ್ದೂ ಶ್ರೀರಾಘವೇಂದ್ರತೀರ್ಥರು ಪರಿಮಳವನ್ನು ಬರೆದರು. ಪರಿಮಳಾಚಾರ್ಯರೆಂಬ ಹೆಸರೇ ಅವರಿಗೆ ಬಂದಿತು.

ಈಗ ಅಟ್ಟದ ಮೇಲಿನ ನೋಟುಬುಕ್ಕಿಗೆ ಬರೋಣ. ಹೈದರಾಬಾದಿನ ಎಷ್ಟೋ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಶಾಲೆಯಲ್ಲಿ ಇಂಗ್ಲಿಷು ತೆಲುಗು ಓದುತ್ತಾರೆ. ದಾಸರ ಪದಗಳನ್ನು ತೆಲುಗು ಲಿಪಿಯ ಪುಸ್ತಕ ಹಿಡಿದು ಹಾಡುತ್ತಾರೆ. ಕನ್ನಡದ ಅಕ್ಷರ ಬಾರದು. ಬೆಂಗಳೂರಿನಲ್ಲೋ ಉಡುಪಿಯಲ್ಲೋ ಕುಳಿತು ಸುಮಧ್ವವಿಜಯವನ್ನು ಕನ್ನಡದಲ್ಲಿ ವಿವರಿಸಿದ ವಿದ್ವಾಂಸರ ಕಣ್ಣೆದುರು ಈ ಮಗು ಇರಲಿಲ್ಲ. ಅದರ ಪಕ್ಕದಲ್ಲಿ ಕುಳಿತು ಊಟ ಮಾಡುವ ಅಕ್ಕನಿಗೆ, ಅದು ಯಾವ ಪದದ ಬಳಿ ತಡವರಿಸುತ್ತದೆ ಎಂಬುದು ಗೊತ್ತು. ಅವಳ ಹತ್ತು ಪುಟಗಳಲ್ಲಿ ತಪ್ಪುಗಳಿರಬಹುದು. ಅವುಗಳನ್ನು ತಿದ್ದಬಲ್ಲ ಹಿರಿಯರು ಅದೇ ಮನೆಯಲ್ಲಿದ್ದಾರೆ.

ಶ್ರೀಕೃಷ್ಣಾರ್ಪಣಮಸ್ತು.