ಬಿಟ್ಟುಹೋದ ಕಾರಿಗೂ ಒಬ್ಬ ಮಾಲೀಕ ಇರ್ತಾನೆ

ಪುಣೆಯಿಂದ ಮಾತಾಡ್ತಿದ್ದೇನೆ. ಊರು ದಾವಣಗೆರೆ, ಕೆಲಸ ಹಿಂಜೆವಾಡಿಯಲ್ಲಿ, ಸಾಫ್ಟ್‌ವೇರು. ಇವತ್ತಿನ ವಿಷಯ ಹಳೇ ಕಾರು. ರ‍್ಯಾಲಿಯಲ್ಲಿ ಹೊಳೆಯೋ ಹಳೇ ಕಾರಲ್ಲ. ನಿಮ್ಮ ಸೊಸೈಟಿಯ ಪಾರ್ಕಿಂಗ್ ಮೂಲೆಯಲ್ಲಿ ಟೈರು ನೆಲಕ್ಕೆ ಅಂಟಿಕೊಂಡು, ಗಾಜಿನ ಧೂಳಿನ ಮೇಲೆ ಮಕ್ಕಳು ಬೆರಳಲ್ಲಿ ಹೆಸರು ಬರೆದಿರ್ತಾರಲ್ಲ, ಆ ಕಾರು. "ಇದನ್ನ ತಗೊಂಡು ಸರಿ ಮಾಡಿಸಿದ್ರೆ ಹೇಗೆ?" ಅಂತ ನಿಮಗೂ ಒಂದಲ್ಲ ಒಂದು ಸಲ ಅನ್ನಿಸಿರುತ್ತೆ. ನಾನು ಎರಡು ವರ್ಷ ಹುಡುಕಿದೆ.

ನನಗೆ ಬೇಕಿದ್ದದ್ದು ಫಿಯಟ್. ಪ್ರೀಮಿಯರ್ ಪದ್ಮಿನಿ ಅನ್ನೋದು ಕಂಪನಿ ಇಟ್ಟ ಹೆಸರು, ನಮ್ಮ ಮನೆಗಳಲ್ಲಿ ಅದು ಕೊನೆಯವರೆಗೂ ಫಿಯಟ್ಟೇ. ಮುಂಬಯಿಯ ಕುರ್ಲಾ ಕಾರ್ಖಾನೆಯಲ್ಲಿ 1964ರಿಂದ ಫಿಯಟ್ 1100 ಡಿಲೈಟ್ ಅಂತ ತಯಾರಾಗುತ್ತಿದ್ದ ಕಾರೇ 1974ರಲ್ಲಿ ಪದ್ಮಿನಿ ಆಯ್ತು. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಕಡ್ಡಿ. ಹೊಸಬರಿಗೆ ಇನ್ನೊಂದು ಒಳ್ಳೆ ಸಂಗತಿ ಅಂದ್ರೆ ಬಿಡಿಭಾಗ ಇನ್ನೂ ಸಿಗುತ್ತೆ, ಮುಂಬಯಿಯ ಕಾಲಿ-ಪೀಲಿ ಟ್ಯಾಕ್ಸಿಗಳ ದಯೆಯಿಂದ. ಅಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿ ಆಗಿದ್ದು 2003ರ ಅಕ್ಟೋಬರಲ್ಲಿ. 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆಯಿಂದ ಇಳೀತು. ಅಷ್ಟು ವರ್ಷ ಓಡಿದ ಗಾಡಿಗೆ ಸಾಮಾನು ಇಟ್ಟುಕೊಂಡ ಅಂಗಡಿಯವರು ಇನ್ನೂ ಇದ್ದಾರೆ.

ಮೊದಲು ಸಿಕ್ಕಿದ ಕಾರಿನ ಕಥೆ ಹೇಳ್ತೀನಿ. ಕ್ಯಾಂಪ್ ಕಡೆ ಒಂದು ಹಳೇ ಗ್ಯಾರೇಜು, ಹಿಂದೆ ತಗಡಿನ ಶೆಡ್ಡು. ಅದರೊಳಗೆ ಫಿಯಟ್. ನಂಬರ್ ಪ್ಲೇಟ್ ಒರೆಸಿ ನೋಡಿದ್ರೆ 'ಎಂ.ವೈ.' ಅಂತ ಶುರು! ಕೆ.ಎ. ಬರೋದಕ್ಕೆ ಎಷ್ಟೋ ಮುಂಚಿನ ನಮ್ಮ ರಾಜ್ಯದ ನಂಬರು. ಪುಣೆಯಲ್ಲಿ ಕೂತು ಅದನ್ನ ನೋಡಿದ ಕನ್ನಡದವನಿಗೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಶೆಡ್ಡಿನಲ್ಲಿದ್ದದ್ದರಿಂದ ಬಾಡಿ ಗಟ್ಟಿ. ಬಾಗಿಲು ಮುಚ್ಚಿದರೆ ಡಬ್ ಅಂತ ಒಂದೇ ಸದ್ದು. ಗ್ಯಾರೇಜಿನವರು ಕೇಳಿದ್ದು 25 ಸಾವಿರ. "ಎಂಜಿನ್ ಕೆಲಸಕ್ಕೆ ಬಿಟ್ಟು ಹೋದವರು ತಿರುಗಿ ಬರಲೇ ಇಲ್ಲ, ಒಯ್ದುಬಿಡಿ" ಅಂದ್ರು.

ಆರ್‌ಸಿ? ಇಲ್ಲ. ಮಾಲೀಕರ ಹೆಸರು? ಗೊತ್ತಿಲ್ಲ. ಎಂಪರಿವಾಹನ್ ಆಪ್‌ನಲ್ಲಿ ನಂಬರ್ ಹಾಕಿದ್ರೆ ದಾಖಲೆಯೇ ಬರಲಿಲ್ಲ. ಅಷ್ಟು ಹಳೇ ಗಾಡಿಗಳ ಎಲ್ಲ ದಾಖಲೆಯೂ ಕಂಪ್ಯೂಟರ್‌ಗೆ ಏರಿಲ್ಲ. ಊರಲ್ಲಿದ್ದ ಗೆಳೆಯನೊಬ್ಬ ಆರ್‌ಟಿಒ ಕಚೇರಿಗೆ ಮೂರು ಸಲ ಹೋಗಿ ಬಂದ, ಏನೂ ಗಿಟ್ಟಲಿಲ್ಲ. ಅದು ಕಳುವಿನ ಗಾಡಿಯೋ, ಸಾಲ ತೀರದ ಗಾಡಿಯೋ, ಅಣ್ಣತಮ್ಮಂದಿರ ಜಗಳದ ಗಾಡಿಯೋ ಹೇಳೋರಿಲ್ಲ. ಹತ್ತು ವರ್ಷ ಶೆಡ್ಡಿನಲ್ಲಿ ಇಟ್ಟುಕೊಂಡ ಮಾತ್ರಕ್ಕೆ ಗ್ಯಾರೇಜಿನವರು ಮಾಲೀಕರಾಗಲ್ಲ. ಅವರಿಂದ ಕೊಂಡ ಮಾತ್ರಕ್ಕೆ ನಾನೂ ಆಗಲ್ಲ.

"ವಿಂಟೇಜ್ ಅಂತ ನೋಂದಣಿ ಮಾಡಿಸು" ಅಂತ ಒಬ್ಬರು ಸಲಹೆ ಕೊಟ್ಟರು. 2021ರಲ್ಲಿ ಆ ನಿಯಮ ಬಂದಿದ್ದು ನಿಜ. 50 ವರ್ಷ ದಾಟಿರಬೇಕು, ಮೂಲ ರೂಪ ಹೆಚ್ಚು ಬದಲಾಗಿರಬಾರದು, 20 ಸಾವಿರ ಶುಲ್ಕ, ಹತ್ತು ವರ್ಷದ ನೋಂದಣಿ. ಆದ್ರೆ ನಮ್ಮ ದೇಶದಲ್ಲೇ ಓಡಿದ ಗಾಡಿಯಾದ್ರೆ ಅದಕ್ಕೂ ಹಳೇ ಆರ್‌ಸಿ ಕೇಳ್ತಾರೆ. ಮೇಲಾಗಿ ಆ ನಂಬರಿನಲ್ಲಿ ಪ್ರದರ್ಶನಕ್ಕೆ, ರ‍್ಯಾಲಿಗೆ ಹೋಗಬಹುದೇ ಹೊರತು ದಿನಾ ಆಫೀಸಿಗೆ ಓಡಿಸೋ ಹಾಗಿಲ್ಲ.

ಬಿಟ್ಟು ಬಂದೆ. ಈಗಲೂ ಆ ಕಡೆ ಹೋದ್ರೆ ಕುತ್ತಿಗೆ ತಾನಾಗೇ ಶೆಡ್ಡಿನತ್ತ ತಿರುಗುತ್ತೆ, ಅದು ಬೇರೆ ಮಾತು.

ಎರಡನೇ ಕಾರು ಕೋಥರೂಡಿನ ಹಳೇ ಸೊಸೈಟಿಯೊಂದರಲ್ಲಿ, ಬೇವಿನ ಮರದ ಕೆಳಗೆ. 1988ರ ಪದ್ಮಿನಿ. ಪಕ್ಕದ ಮ್ಯಾಟ್ ಎತ್ತಿದ್ರೆ ನೆಲವೇ ಕಾಣುತ್ತೆ, ಕಾರಿನ ನೆಲ ಅಲ್ಲ, ಭೂಮಿ. ಈ ಕಾರಿಗೆ ಬೇರೆ ಚಾಸಿ ಚೌಕಟ್ಟು ಇಲ್ಲ, ಬಾಡಿಯೇ ಭಾರ ಹೊರಬೇಕು. ಹಾಗಾಗಿ ಬಾಗಿಲ ಕೆಳಗಿನ ಪಟ್ಟಿ, ನೆಲದ ತಗಡು ತುಕ್ಕು ಹಿಡಿದಿದ್ರೆ ಸಣ್ಣ ಕೆಲಸ ಅಲ್ಲ. ಮೆಕ್ಯಾನಿಕ್ ನೋಡಿ ನಕ್ಕುಬಿಟ್ಟ. ಆದ್ರೆ ಮೂರನೇ ಮಹಡಿಯ ಆಜಿ ಗೋದ್ರೆಜ್ ಕಪಾಟಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದರು. ಒಳಗೆ ಆರ್‌ಸಿ ಪುಸ್ತಕ, ತೆರಿಗೆ ರಸೀದಿ, ಸಾಲ ತೀರಿದ ಬ್ಯಾಂಕಿನ ಪತ್ರ, ಹಳೇ ಇನ್ಶೂರೆನ್ಸು, ಎಲ್ಲ ವರ್ಷವಾರು ಜೋಡಿಸಿದ್ದು. ಯಜಮಾನರು ತೀರಿಕೊಂಡು ಹತ್ತು ವರ್ಷ ಆಗಿತ್ತು. ಕೆಳಗೆ ಬಂದು ಬಾನೆಟ್ ಎತ್ತಿ, ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆ. ಪುಸ್ತಕದಲ್ಲಿದ್ದ ನಂಬರೇ ಅಕ್ಷರಕ್ಷರ ಮೂಡಿತು.

ಅಲ್ಲೇ ತೀರ್ಮಾನ ಮಾಡಿದೆ. ಕೊಳೆತ ತಗಡು ಕತ್ತರಿಸಿ ಬೆಸುಗೆ ಹಾಕೋರು ಊರಿಗೆ ಹತ್ತು ಜನ ಇದ್ದಾರೆ. ಇಲ್ಲದ ಆರ್‌ಸಿಯನ್ನ ಯಾವ ವೆಲ್ಡರ್ ಹತ್ರ ಒಯ್ಯೋದು?

ಹಾಗಂತ ಸಲೀಸಾಗಿ ಆಗಲಿಲ್ಲ. ಮಾಲೀಕರು ತೀರಿಕೊಂಡಿದ್ರೆ ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಆಗಬೇಕು, ಆಮೇಲೆ 29, 30ರಲ್ಲಿ ನಮ್ಮ ಹೆಸರಿಗೆ. ವಾರಸುದಾರರು ಅಂದ್ರೆ ಆಜಿ ಒಬ್ಬರೇ ಅಲ್ಲ, ಕೆನಡಾದಲ್ಲಿ ಮಗ, ನಾಸಿಕ್‌ನಲ್ಲಿ ಮಗಳು. ಇಬ್ಬರ ಒಪ್ಪಿಗೆ ಪತ್ರವೂ ಬೇಕು. ಮಗ ಒಂದೇ ವಾರಕ್ಕೆ ಕಳಿಸಿದರು. ಮಗಳು ಫೋನಿನಲ್ಲಿ ನೇರವಾಗಿ ಕೇಳಿದರು: "ಅಪ್ಪನ ಗಾಡಿ ಬಿಚ್ಚಿ ಸಾಮಾನು ಮಾರೋದಿಲ್ಲ ಅಂತ ಏನು ಖಾತ್ರಿ?"

ನ್ಯಾಯವಾದ ಪ್ರಶ್ನೆ. ಬಿಚ್ಚಿ ಮಾರಿದ್ರೆ ನಾನು ಕೊಡೋ ಹಣಕ್ಕಿಂತ ಜಾಸ್ತಿ ಬರುತ್ತೆ ಅನ್ನೋದು ಅವರಿಗೂ ಗೊತ್ತಿತ್ತು. ಅತ್ತ ಸೊಸೈಟಿಯವರು ತಿಂಗಳ ಕೊನೆಗೆ ಗಾಡಿ ತೆಗೀಬೇಕು, ಇಲ್ಲದಿದ್ರೆ ಗುಜರಿಯವರನ್ನ ಕರೀತೀವಿ ಅಂತ ನೋಟಿಸ್ ಅಂಟಿಸಿದ್ದರು. ನಾನು ಭರವಸೆಯ ಮಾತು ಆಡಲಿಲ್ಲ. ಒಂದು ಭಾನುವಾರ ಅವರು ಪುಣೆಗೆ ಬಂದಾಗ ಮೆಕ್ಯಾನಿಕ್ ಹತ್ರ ಕರ್ಕೊಂಡು ಹೋದೆ. ಏನೇನು ಕತ್ತರಿಸ್ತೀವಿ, ಏನು ಉಳಿಸ್ತೀವಿ, ಎಷ್ಟು ಖರ್ಚು, ಎಲ್ಲ ಅವನೇ ಹೇಳಿದ. ಮಾರೋದಾದ್ರೆ ಮೊದಲು ಅವರನ್ನೇ ಕೇಳ್ತೀನಿ ಅಂತ ಬರೆದುಕೊಟ್ಟೆ. ನೋಟಿಸಿನ ಗಡುವಿಗೆ ನಾಲ್ಕು ದಿನ ಇದ್ದಾಗ ಸಹಿ ಬಂತು. ವರ್ಗಾವಣೆ ಮುಗಿಯೋ ತನಕ ತಾಳಿ ಅಂತ ಆಜಿಯೇ ಕಮಿಟಿಗೆ ಪತ್ರ ಬರೆದರು, ಮರಾಠಿಯಲ್ಲಿ, ಎರಡು ಪುಟ. ಮುಂದೆ ಯಾರೂ ನೋಟಿಸ್ ವಿಷಯ ಎತ್ತಲಿಲ್ಲ.

ಗಾಡಿ ಕೈಗೆ ಬಂದ ದಿನ ಎಲ್ಲರೂ ಕೇಳೋದು ಒಂದೇ, "ಸ್ಟಾರ್ಟ್ ಆಗುತ್ತಾ?" ದಯವಿಟ್ಟು ಮಾಡಬೇಡಿ. ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಹೊಸ ಬ್ಯಾಟರಿ ಹಾಕಿ ಬೀಗದ ಕೈ ತಿರುಗಿಸಿದ್ರೆ ಒಣಗಿದ ಸಿಲಿಂಡರ್ ಗೋಡೆ ಗೀರಿಹೋಗುತ್ತೆ. ಸ್ಪಾರ್ಕ್ ಪ್ಲಗ್ ನಾಲ್ಕೂ ಬಿಚ್ಚಿ ಒಂದಿಷ್ಟು ತೆಳು ಎಣ್ಣೆ ಬಿಟ್ಟು ಕೆಲವು ದಿನ ಸುಮ್ಮನಿರಿ, ಆಮೇಲೆ ಕೈಯಲ್ಲಿ ತಿರುಗಿಸಿ. ನಮ್ಮದು ಐದನೇ ದಿನ ಅಲುಗಾಡಿತು. ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಅಂಟಿನ ಹಾಗೆ ಗಟ್ಟಿಯಾಗಿರುತ್ತೆ, ಟ್ಯಾಂಕು ಇಳಿಸಿ ತೊಳೀಲೇಬೇಕು. ಬ್ರೇಕಿನ ರಬ್ಬರು ಚೆನ್ನಾಗಿ ಕಂಡರೂ ನಂಬಬೇಡಿ, ಎಲ್ಲ ಹೊಸದು ಹಾಕಿ. ವೈರಿಂಗನ್ನ ನಮ್ಮಲ್ಲಿ ಇಲಿಗಳು ಮೊದಲೇ ಬಿಚ್ಚಿಟ್ಟಿದ್ದವು.

ದೆಹಲಿ ಕಡೆ ಇರೋರು ಮಾತ್ರ 15 ವರ್ಷ ದಾಟಿದ ಪೆಟ್ರೋಲ್ ಗಾಡಿಯ ಬಗ್ಗೆ ಸದ್ಯದ ಆದೇಶ ಏನಿದೆ ಅಂತ ನೋಡ್ಕೊಂಡೇ ಕೈ ಹಾಕಿ. ಉಳಿದವರಿಗೆ ಫಿಟ್ನೆಸ್ ಪಾಸಾದ್ರೆ ಐದೈದು ವರ್ಷಕ್ಕೆ ನವೀಕರಣ ಸಿಗುತ್ತೆ, ಶುಲ್ಕ ಮಾತ್ರ ಏರಿದೆ.

ನಮ್ಮ ಗಾಡಿಯ ನೆಲ ಈಗ ಪೂರ್ತಿ ಹೊಸದು, ಎಂಜಿನ್ ಓಡುತ್ತಿದೆ, ಫಿಟ್ನೆಸ್ಸಿಗೆ ಒಯ್ಯೋದು ಬಾಕಿ. ಅದಕ್ಕೆ ಹಿಂದಿನ ಲೈಟಿನ ಗಾಜು ಒಂದು ಬೇಕು. ಇಲ್ಲಿ ನಾನಾ ಪೇಠೆಯಲ್ಲಿ ಸಿಕ್ಕಿದ್ದೆಲ್ಲ ಬಲಗಡೆಯದು. ಚೆನ್ನೈಯಲ್ಲಿರೋರು ಯಾರಾದ್ರೂ ಪುದುಪೇಟೆ ಕಡೆ ಹೋದ್ರೆ ಸ್ವಲ್ಪ ವಿಚಾರಿಸಿ. ಎಡಗಡೆಯದು.